ಅರವತ್ತನಾಲ್ಕು ಕವರುಗಳ ತಪ್ಪೊಪ್ಪಿಗೆ

ಬುಧವಾರ, ಬೆಳಗ್ಗೆ
ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಿಂದ

ದೊಡ್ಡಮ್ಮನವರ ಸನ್ನಿಧಾನಕ್ಕೆ,

ಹೊಸ ಮಂಡಿಗೆ ಒಂದು, ಅದು ಮುನಿಸಿಕೊಳ್ಳಬಾರದೆಂದು ಹಳೆಯ ಮಂಡಿಗೆ ಇನ್ನೊಂದು, ಹೀಗೆ ಎರಡು ಪ್ರತ್ಯೇಕ ನಮಸ್ಕಾರಗಳು.

ತಾವು ಮಂಡಿ ಆಪರೇಷನ್ನಿಗೆಂದು ಚಿಕ್ಕಮ್ಮನ ಊರಿಗೆ ಹೊರಟಾಗ ರೆಕಾರ್ಡ್ ಅಂಗಡಿಯ ಬೀಗದ ಕೈಯನ್ನು ನನಗೊಪ್ಪಿಸಿ ಮೂರು ಆಜ್ಞೆ ಮಾಡಿದ್ದಿರಿ. ಹತ್ತಕ್ಕೆ ಸರಿಯಾಗಿ ಬಾಗಿಲು ತೆಗೆಯುವುದು. ಗಿರಾಕಿಗಳ ಮುಂದೆ ಹಲ್ಲು ಕಿಸಿಯದಿರುವುದು. ಗೋಡೆಯ ಹಲಗೆಗಳ ಮೇಲಿರುವ ಅರವತ್ತನಾಲ್ಕು ಚಿಕ್ಕ ರೆಕಾರ್ಡುಗಳನ್ನು ಮುಟ್ಟದಿರುವುದು. ಮೊದಲನೆಯದನ್ನು ಬಹುತೇಕ ಪಾಲಿಸಲಾಗಿದೆ. ಎರಡನೆಯದಕ್ಕೆ ಸಾಕ್ಷಿಗಳಿಲ್ಲ. ಮೂರನೆಯದನ್ನು ಓದುವ ಮುಂಚೆ ತಾವು ಒಂದು ಲೋಟ ನೀರು ಕುಡಿಯಬೇಕೆಂದು ವಿನಂತಿ.

ಕುಡಿದೆಯಾ? ಸರಿ. ತೊಳೆದುಬಿಟ್ಟೆ, ದೊಡ್ಡಮ್ಮ.

ಒಳ್ಳೆಯ ಉದ್ದೇಶದಿಂದಲೇ ತೊಳೆದೆ. ಸೋಮವಾರ ಗ್ರಂಥಾಲಯದ ಮೇಡಂ ಬರುವವರಿದ್ದರಲ್ಲ, ರೆಕಾರ್ಡುಗಳು ಫಳಫಳ ಹೊಳೆಯಲಿ ಅಂತ. ಶುಕ್ರವಾರ ಅರವತ್ತನಾಲ್ಕನ್ನೂ ಕಾಗದದ ಕವರಿನಿಂದ ಹೊರತೆಗೆದು, ಕವರುಗಳನ್ನೆಲ್ಲ ಒಂದು ಕಟ್ಟು ಮಾಡಿ ಟವಲಿನ ಮೇಲಿಟ್ಟು, ರೆಕಾರ್ಡುಗಳಿಗೆ ಎಳೆ ಮಗುವಿಗೆ ಎರೆದ ಹಾಗೆ ಸ್ನಾನ ಮಾಡಿಸಿದೆ. ಒರೆಸಿ, ಸಾಲಾಗಿ ನಿಲ್ಲಿಸಿ, ಮೊದಲನೆಯದನ್ನು ಕೈಗೆ ತಗೊಂಡು ಕವರಿನ ಕಟ್ಟಿನ ಕಡೆ ತಿರುಗಿದಾಗ ನನಗೆ ಜ್ಞಾನೋದಯವಾಯಿತು. ಕವರಿನ ಮೇಲೆ ಹಾಡಿನ ಹೆಸರೇ ಇಲ್ಲ! ಕಂಪನಿಯ ಹೆಸರಿದೆ, ನಡುವೆ ಒಂದು ತೂತಿದೆ, ಆ ತೂತಿನಿಂದ ರೆಕಾರ್ಡಿನ ಲೇಬಲ್ಲು ಇಣುಕಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳಬೇಕು. ಒಂದೇ ಕಂಪನಿಯ ಇಪ್ಪತ್ತು ಕವರು ಒಂದೇ ಸಮವಸ್ತ್ರ ಹಾಕಿದ ಇಪ್ಪತ್ತು ಮಕ್ಕಳ ಹಾಗೆ ನನ್ನನ್ನೇ ನೋಡುತ್ತಿದ್ದವು.

ಆಗ ಮೇಡಂ ಹಾಕಿದ ಷರತ್ತು ನೆನಪಾಯಿತು. ಪ್ರತಿ ರೆಕಾರ್ಡೂ ಅದು ಹುಟ್ಟಿದಾಗಿನ ಕವರಿನಲ್ಲೇ ಇರಬೇಕು, ಒಂದು ತಪ್ಪಿದರೂ ಇಡೀ ಸಂಗ್ರಹ ಬೇಡ ಅಂದಿದ್ದರು. ನಲವತ್ತು ವರ್ಷ ಹುಡುಕಿ ಹುಡುಕಿ ನೀನು ಕೂಡಿಸಿದ ಜೋಡಿಗಳು. ಅವಕ್ಕೆ ಗ್ರಂಥಾಲಯದಲ್ಲೊಂದು ಕೋಣೆ ಸಿಗಬೇಕು, ದಾರಿಯಲ್ಲಿ ಹೋಗುವವರೂ ಒಳಗೆ ಬಂದು ಕೂತು ಕೇಳಬೇಕು ಅನ್ನುವ ನಿನ್ನ ಆಸೆ. ನಾನು ಅದನ್ನು ಅರ್ಧ ದಿನದಲ್ಲಿ, ಸೋಪಿನ ನೀರಿನಲ್ಲಿ ಮುಗಿಸಿದ್ದೆ.

ಕವರಿನ ಗುರುತು ಹಿಡಿಯಬಲ್ಲವರು ಊರಲ್ಲಿ ಇನ್ನು ಉಳಿದವರು ಒಬ್ಬರೇ. ಎದುರುಗಡೆಯ ಗಡಿಯಾರ ರಿಪೇರಿ ಮಾಮ.

ಮುಖ ಗಂಟಿಕ್ಕಬೇಡ, ಇನ್ನೂ ಇದೆ. ಆರು ವರ್ಷದ ಹಿಂದೆ ನಮ್ಮ ಅಂಗಡಿಯಲ್ಲೇ ಸಂಗ್ರಹಕಾರರ ತುಂಬಿದ ಸಭೆಯಲ್ಲಿ ಅವರು ನಿನ್ನ ಹಸಿರು ಕವರಿನ ಕಡೆ ಬೆರಳು ತೋರಿಸಿ, "ಇದು ಆ ರೆಕಾರ್ಡಿಂದಲ್ಲ, ಹಸಿರು ಬಂದಿದ್ದು ಎರಡು ವರ್ಷ ಆದ್ಮೇಲೆ" ಅಂದದ್ದು, ನೀನು "ಗಡಿಯಾರ ಬಿಚ್ಚೋರಿಗೆ ಕಾಲಜ್ಞಾನ ಇರುತ್ತೆ ಅಂದ್ಕೊಂಡಿದ್ದೆ" ಅಂದದ್ದು, ಅವರು ಅರ್ಧ ಕುಡಿದ ಟೀ ಲೋಟ ಅಲ್ಲೇ ಬಿಟ್ಟು ಹೊರಟುಹೋದದ್ದು ನನಗೂ ಗೊತ್ತು. ಕರೆದರೆ ಬರುವ ಆಸಾಮಿಯಲ್ಲ. ಆದಕಾರಣ ಶನಿವಾರ ಬೆಳಗ್ಗೆ ನಮ್ಮ ಕಿಟಕಿಗೆ, ಅವರ ಮೇಜಿಗೆ ನೇರವಾಗಿ ಕಾಣುವಂತೆ, ಒಂದು ಪ್ರಕಟಣೆ ಅಂಟಿಸಿದೆ: "ಕವರು ಗುರುತಿಸಬಲ್ಲ ಪಂಡಿತರು ಬೇಕಾಗಿದ್ದಾರೆ. ಗಡಿಯಾರದವರು ಅರ್ಜಿ ಹಾಕತಕ್ಕದ್ದಲ್ಲ."

ಹತ್ತು ನಿಮಿಷವೂ ಆಗಿರಲಿಲ್ಲ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯುವುದನ್ನೂ ಮರೆತು ಧುಮುಗುಡುತ್ತ ಬಂದರು.

"ಏನೇ ಕಪಿ, ಯಾರಿಗೆ ಬರೆದಿದ್ದೀಯ ಇದನ್ನ?"

"ಊರಲ್ಲಿ ಗಡಿಯಾರದವರು ಬೇರೆ ಯಾರಾದ್ರೂ ಇದ್ದಾರಾ ಮಾಮ?" ಅಂದೆ, ಬಹಳ ವಿನಯದಿಂದ.

ಬೈಯಲು ಬಾಯಿ ತೆರೆದವರ ಕಣ್ಣು ಮೇಜಿನ ಮೇಲೆ ಬಿತ್ತು. ಬತ್ತಲೆ ನಿಂತ ಅರವತ್ತನಾಲ್ಕು ರೆಕಾರ್ಡು. ಆಮೇಲೆ ಸ್ಟೂಲು ಎಳೆದುಕೊಂಡು, "ನಿನ್ನ ಕೈಗೆ ಬೀಗದ ಕೈ ಕೊಟ್ಟೋರಿಗೆ ಮಂಡಿ ಅಲ್ಲ, ತಲೆ ಆಪರೇಷನ್ ಆಗ್ಬೇಕಿತ್ತು" ಅಂತ ಗೊಣಗಿ ಕೂತೇಬಿಟ್ಟರು. (ಅಂದದ್ದು ಅವರು. ನಾನು ವರದಿಗಾರ್ತಿ ಅಷ್ಟೆ.)

ಮೊದಲು ಕಂಪನಿ ಕಂಪನಿ ಬೇರೆ ಮಾಡಿಸಿದರು. ಆಮೇಲೆ ಬಾಯಂಚು ಅಲೆ ಅಲೆಯಾಗಿ ಕತ್ತರಿಸಿದ ಕವರುಗಳು ಒಂದು ಕಡೆ, ನೇರ ಕತ್ತರಿಸಿದವು ಇನ್ನೊಂದು ಕಡೆ. ಅಲ್ಲಿಂದ ಮುಂದೆ ದಾರಿ ಕಾಣದೆ ನಿಂತೆವು. ಅವರು ಒಂದು ಲೇಬಲ್ಲನ್ನು ಬೆಳಕಿಗೆ ಹಿಡಿದು ನೋಡಿ ನೋಡಿ, ತೊಡೆ ತಟ್ಟಿಕೊಂಡು ನಕ್ಕರು.

"ಬಿಸಿಲಿಗೆ ಇಡಬೇಡಿ ಅಂತ ನಿಮ್ಮ ದೊಡ್ಡಮ್ಮನ ಹತ್ರ ಎಷ್ಟು ಬಡ್ಕೊಂಡೆ! ಈಗ ನೋಡು, ಆ ಬಿಸಿಲೇ ನಿನ್ನ ಮಾನ ಉಳಿಸುತ್ತೆ. ಕವರಿನ ತೂತು ಯಾವತ್ತೂ ನಡುಮಧ್ಯಕ್ಕೆ ಬಿದ್ದಿರಲ್ಲ. ಇಷ್ಟು ವರ್ಷ ಗೋಡೆ ಮೇಲೆ ಅಲುಗಾಡದೆ ನಿಂತು, ತೂತಿಂದ ಕಂಡಷ್ಟು ಲೇಬಲ್ಲು ಬಿಳಿಚಿದೆ, ಕಾಗದ ಮುಚ್ಚಿದ ಕಡೆ ಹಳೇ ಬಣ್ಣ ಹಾಗೇ ಇದೆ. ನೋಡು, ಬಿದಿಗೆ ಚಂದ್ರ!"

ನಿಜ ದೊಡ್ಡಮ್ಮ. ಪ್ರತಿ ಲೇಬಲ್ಲಿನ ಅಂಚಿನಲ್ಲೂ ಒಂದೊಂದು ಗಾಢ ಬಣ್ಣದ ಚಂದ್ರ. ಒಂದು ತೆಳು, ಒಂದು ದಪ್ಪ, ಒಂದು ಡೊಳ್ಳುಹೊಟ್ಟೆಯದು. ರೆಕಾರ್ಡನ್ನು ಕವರಿನೊಳಗೆ ಹಾಕಿ ಮೆಲ್ಲಗೆ ತಿರುಗಿಸುವುದು. ಚಂದ್ರ ಕಾಗದದ ಹಿಂದೆ ಪೂರ್ತಿ ಅಡಗಿ, ಬಿಳಿಚಿದ್ದೆಲ್ಲ ತೂತಿನಲ್ಲಿ ಕಂಡರೆ ಅದೇ ಅದರ ಮನೆ. ಒಂದು ಕೂದಲೆಳೆ ಹೊರಗೆ ಕಂಡರೂ ಬೇರೆ ಮನೆ ನೋಡಬೇಕು. ಶನಿವಾರ ಕತ್ತಲಾಗುವ ಮುಂಚೆ ನಲವತ್ತೊಂದು, ಭಾನುವಾರ ಊಟದ ಹೊತ್ತಿಗೆ ಅರವತ್ತಮೂರು ಮನೆ ಸೇರಿದವು. ಮನೆ ಸೇರಿದ್ದನ್ನೆಲ್ಲ ಒಂದು ಸಲ ಹಾಡಿಸಲೇಬೇಕು ಅಂತ ಮಾಮನ ಕಟ್ಟಪ್ಪಣೆ. ಜೊತೆಗೆ ತಾವೂ ಹಾಡಿದರು. ಪಕ್ಕದ ಟೈಲರು ಬಂದು, ಯಂತ್ರ ಕೆಟ್ಟಿದೆಯಾ ಅಂತ ವಿಚಾರಿಸಿಕೊಂಡು ಹೋದರು.

ಉಳಿದ ಒಂದು ಅದೇ. ಹಸಿರು.

ಕಟ್ಟಿನ ತಳದಲ್ಲಿದ್ದ ಅದಕ್ಕೆ ಟವಲಿನ ತೇವ ತಗುಲಿ, ಕೆಳಗಿನ ಅಂಟಿನ ಮಡಿಕೆ ಪೂರ್ತಿ ಬಿಟ್ಟುಕೊಂಡಿತ್ತು. ನಾನು ಅಳುಮೋರೆ ಹಾಕಿದೆ. ಮಾಮ ಮಾತ್ರ ಬಿಚ್ಚಿಕೊಂಡ ಮಡಿಕೆಯನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ಹಿಡಿದು ಭೂತಗನ್ನಡಿ ಸಿಕ್ಕಿಸಿಕೊಂಡರು. ಅಂಟಿನಡಿ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಮುದ್ರಣಾಲಯದವರ ಇರುವೆಯಂಥ ಅಕ್ಷರಗಳಿದ್ದವು. ತಿಂಗಳು ಮತ್ತು ವರ್ಷ. ರೆಕಾರ್ಡು ಬಂದ ವರ್ಷವೇ, ದೊಡ್ಡಮ್ಮ. ಅದೇ ವರ್ಷ!

ಅವರ ಮುಖ ನೋಡಲಾಗದೆ ನಾನು ಗೋಂದಿನ ಡಬ್ಬಿ ಮುಂದೆ ತಳ್ಳಿ ಪಿಸುಗುಟ್ಟಿದೆ: "ಅಂಟಿಸಿಬಿಡೋಣ ಮಾಮ. ಯಾರಿಗೂ ಗೊತ್ತಾಗಲ್ಲ."

"ಅಂಟಿಸಿದ್ರೆ ನಿಮ್ಮ ದೊಡ್ಡಮ್ಮ ಗೆದ್ದಿದ್ದೂ ಯಾರಿಗೂ ಗೊತ್ತಾಗಲ್ಲ," ಅಂದು ಡಬ್ಬಿಯ ಮುಚ್ಚಳ ಹಾಕಿದರು.

ಸೋಮವಾರ ಮೇಡಂ ಒಂದೊಂದನ್ನೇ ತಿರುಗಿಸಿ ನೋಡಿದರು. ಹಸಿರಿನ ಹತ್ತಿರ ಬಂದಾಗ ಮಾಮ ಎದ್ದು ನಿಂತು, ತರಗತಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗನ ಹಾಗೆ ಕೈ ಕಟ್ಟಿ, "ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ಇದು ತಪ್ಪು ಅಂದೋನು ನಾನು. ತಪ್ಪಿದ್ದೂ ನಾನೇ. ಬೇಕಾದ್ರೆ ಬರೆದುಕೊಡ್ತೀನಿ" ಅಂದರು. ಮೇಡಂ ನಿಜವಾಗಿಯೂ ಬರೆಸಿಕೊಂಡರು! ಅರವತ್ತನಾಲ್ಕೂ ಒಪ್ಪಿಗೆಯಾದವು. ಹಸಿರು ಕವರನ್ನು ಮಡಿಕೆ ಬಿಚ್ಚಿದಂತೆಯೇ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಮಾಮನ ಚೀಟಿ ಇಡುತ್ತಾರಂತೆ. ಕೋಣೆ ಬರುವ ತಿಂಗಳು ತೆರೆಯುತ್ತದೆ. ಮೊದಲ ರೆಕಾರ್ಡಿಗೆ ಮುಳ್ಳು ಇಡುವ ಕೈ ನಿನ್ನದು. ಬೇಗ ಮಂಡಿ ಮಡಚಲು ಕಲಿ.

ಇಂತಿ,
ಹಂಗಾಮಿ ಹುದ್ದೆಯಿಂದ ತನ್ನನ್ನು ತಾನೇ ವಜಾ ಮಾಡಿಕೊಂಡ
ನಿನ್ನ ಕಪಿ

ತಾ.ಕ.: ಇದನ್ನು ಅಂಚೆಗೆ ಹಾಕಿಲ್ಲ. ತಂದವರು ಚಿಕ್ಕಮ್ಮನ ಕೈಗೆ ಕೊಟ್ಟು ಗೇಟಿನ ಹೊರಗೇ ನಿಂತಿರುತ್ತಾರೆ; ನೀನೇ ಕರೆಯದ ಹೊರತು ಒಳಗೆ ಕಾಲಿಡುವುದಿಲ್ಲವಂತೆ. ಕರೆಯದಿದ್ದರೆ ಮೂರೂವರೆಯ ಬಸ್ಸಿಗೆ ವಾಪಸು ಅಂತ ಬಿಗುಮಾನದಿಂದ ಹೇಳಿ ಹೊರಟಿದ್ದಾರೆ. ನೀನು ಅವಸರ ಮಾಡಬೇಡ, ಎರಡು ಸಲ ಓದು, ತಲೆ ಬಾಚಿಕೋ. ಹೊರಡುವ ಮುಂಚೆ ಅವರು ಮುಖ ತೊಳೆಯಲು ಹೋದಾಗ ಅವರ ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಟ್ಟಿದ್ದೇನೆ.