ಕಿವಿಯ ಹುಣ್ಣಿಗೆ ಐದು ತಿಂಗಳ ಸರದಿ

ಆಸ್ಪತ್ರೆಯ ಸರದಿ ಪಟ್ಟಿಯನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ನಮ್ಮ ಯಜಮಾನರ ಕಿವಿಯ ಕ್ಯಾನ್ಸರನ್ನು ನೀವು 'ತುರ್ತಲ್ಲದ ಚರ್ಮದ ತೊಂದರೆ' ಎಂದು ಬರೆದುಕೊಂಡು, ಶಸ್ತ್ರಚಿಕಿತ್ಸೆಗೆ ಐದು ತಿಂಗಳ ಆಚೆಯ ದಿನ ಕೊಟ್ಟಿದ್ದೀರಿ. ನರಹುಲಿ ತೆಗೆಸುವವರೂ ಅದೇ ಸಾಲಿನಲ್ಲಿದ್ದಾರಂತೆ. ಸಮಾನತೆ ಎಂದರೆ ಇದೇ ಇರಬೇಕು, ತಮಗೆ ಅಭಿನಂದನೆಗಳು.

ಅವರು ಬಡಗಿ. ಮೂವತ್ತು ವರ್ಷ ಬಲಗಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅಂಗಡಿ ಮುಂದಿನ ಬಿಸಿಲಿನಲ್ಲಿ ನಿಂತು ಹಲಗೆ ಉಜ್ಜಿದವರು. ಕಿವಿಯ ಅಂಚಿನಲ್ಲಿ ಹಕ್ಕಳೆ ಕಟ್ಟಿದಾಗ, "ಪೆನ್ಸಿಲ್ ತಾಗಿ ಆಗಿರೋದು ಕಣೇ, ಸುಮ್ನಿರು" ಎಂದರು. ನಾನೂ ಸುಮ್ಮನಾದೆ. ಪೆನ್ಸಿಲ್ ಎಡಗಿವಿಗೆ ಹೋಯಿತು, ಹುಣ್ಣು ಹೋಗಲಿಲ್ಲ. ಆ ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ನಾವು ಮರದ ಕೆಲಸದವರು. ವರದಿ ಓದಬೇಕಾದವರು ನೀವು.

ವರದಿಯಲ್ಲಿರುವುದು ಸ್ಕ್ವಾಮಸ್ ಕೋಶದ ಚರ್ಮದ ಕ್ಯಾನ್ಸರ್. ನಿಮ್ಮ ಕಿಟಕಿಯ ಗುಮಾಸ್ತರು ಅದನ್ನು ಬಿಚ್ಚಿಯೂ ನೋಡದೆ, "ಚರ್ಮದ್ದು ತಾನೇಮ್ಮಾ, ಅದೆಲ್ಲ ಹರಡಲ್ಲ, ಹೋಗಿ" ಎಂದರು. ಹೆಚ್ಚಿನವು ಹರಡುವುದಿಲ್ಲ, ನಿಜ; ಬೇಗ ಕತ್ತರಿಸಿ ತೆಗೆದರೆ ಅಲ್ಲಿಗೇ ಮುಗಿಯುತ್ತದೆ. ಆದರೆ ಕಿವಿಯ ಮೇಲಿನವು, ತುಟಿಯ ಮೇಲಿನವು, ಎರಡು ಸೆಂಟಿಮೀಟರ್ ಮೀರಿದವು, ಆಳಕ್ಕಿಳಿದವು ಕತ್ತಿನ ಗ್ರಂಥಿಗಳಿಗೆ ಹರಡುವ ಅಪಾಯ ಹೆಚ್ಚು ಎಂದು ಪರೀಕ್ಷೆಗೆ ತುಂಡು ತೆಗೆದ ನಿಮ್ಮದೇ ವೈದ್ಯೆ ನಮ್ಮನ್ನು ಕೂರಿಸಿಕೊಂಡು ಹೇಳಿದ್ದಾರೆ. ಇವರದು ಕಿವಿಯ ಮೇಲಿದೆ, ಆಳಕ್ಕೂ ಇಳಿದಿದೆ. ಚೀಟಿಯಲ್ಲಿ 'ಬೇಗ' ಎಂದು ಬರೆದು ಆಕೆ ಅಡಿಗೆರೆ ಎಳೆದಿದ್ದಾರೆ. ಅದನ್ನೇನು ಅಲಂಕಾರಕ್ಕೆ ಎಳೆದದ್ದು ಎಂದುಕೊಂಡಿರಾ?

ಬಡಗಿಗೆ ಅಳತೆಯ ಮೇಲಿರುವಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಒಂಬತ್ತು ವಾರದಿಂದ ಪ್ರತಿ ಸೋಮವಾರ ನನ್ನ ಕೈಗೆ ಸ್ಕೇಲು ಕೊಟ್ಟು ಹುಣ್ಣು ಅಳೆಸಿ, ಒಂದು ಹಲಗೆಯ ಮೇಲೆ ಗೀಟು ಹಾಕುತ್ತಾರೆ. ಮೊದಲ ಗೀಟು ಹದಿನಾಲ್ಕು ಮಿಲಿಮೀಟರ್. ನಿನ್ನೆಯದು ಇಪ್ಪತ್ತಮೂರು. ನಿನ್ನೆಯೇ ದವಡೆಯ ಕೆಳಗೆ ನನ್ನ ಬೆರಳಿಗೆ ಬಟಾಣಿಯಷ್ಟು ಗಟ್ಟಿ ಗಂಟು ಸಿಕ್ಕಿತು.

"ಯಾಕೆ, ಕೈ ಅಲ್ಲೇ ನಿಂತೋಯ್ತು?" ಎಂದರು.

"ಏನಿಲ್ಲ, ಗಡ್ಡ ಬೋಳಿಸ್ಕೊಳ್ಳಿ" ಎಂದೆ.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟು ಕತ್ತು ಮುಟ್ಟಿ ನೋಡಿಕೊಂಡರು. "ಬರಿ ಅವರಿಗೆ. ಊರೆಲ್ಲ ಓದೋ ಹಾಗೆ ಬರಿ" ಎಂದರು. ಅದು ಬರೀ ಊತವೂ ಇರಬಹುದು. ಇರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ. ಆದರೆ ಐದು ತಿಂಗಳು ಕಾದು ತಿಳಿಯುವ ವಿಷಯವೇ ಅದು?

ಈ ವಾರವೇ ಅವರ ಕತ್ತಿನ ಪರೀಕ್ಷೆಯಾಗಬೇಕು, ಶಸ್ತ್ರಚಿಕಿತ್ಸೆಗೆ ಹತ್ತಿರದ ದಿನ ಸಿಗಬೇಕು. ಇನ್ನು ಮುಂದೆ ಇಂಥ ವರದಿಗಳನ್ನು ಕಿಟಕಿಯಲ್ಲಿ ತೂಗಿ ಬದಿಗಿಡದೆ ವೈದ್ಯರ ಮೇಜಿಗೆ ಕಳುಹಿಸಬೇಕು. ಇದು ವಿನಂತಿಯಲ್ಲ.

ನಾಳೆ ಬೆಳಿಗ್ಗೆ ನಾವಿಬ್ಬರೂ ಆ ಹಲಗೆ ಹಿಡಿದು ಬಂದು ನಿಮ್ಮ ಕಿಟಕಿಯ ಮುಂದಿನ ಬೆಂಚಿನಲ್ಲಿ ಕೂರುತ್ತೇವೆ. ದಿನ ಗೊತ್ತಾಗುವವರೆಗೆ ಏಳುವುದಿಲ್ಲ. ಆ ಬೆಂಚು ಮಾಡಿದ್ದು ನಮ್ಮ ಯಜಮಾನರೇ. ಎಷ್ಟು ದಿನ ಕೂತರೂ ಅದು ಅಲುಗಾಡುವುದಿಲ್ಲ.

ಇಂತಿ,
ನಿಮ್ಮ ಪಟ್ಟಿಯಲ್ಲಿ ಇನ್ನೂ ತುರ್ತಲ್ಲದ ಬಡಗಿಯೊಬ್ಬರ ಹೆಂಡತಿ