ಬೂಟು ಬಿಚ್ಚುವ ಮೊದಲು

ಆನಂದಪುರ
10 ಅಕ್ಟೋಬರ್ 2025, ಶುಕ್ರವಾರ

ಪ್ರೀತಿಯ ವಿಭಾ,

ಕವರಿನ ಮೇಲಿನ ಅಕ್ಷರ ನೋಡಿ ಹರಿದು ಬಿಸಾಕದೆ ನೀನು ಇಲ್ಲಿಯವರೆಗೆ ಓದಿದ್ದರೆ ಅದೇ ದೊಡ್ಡದು. ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೀಯ, ಒಬ್ಬಳಾದ ಮೇಲೆ ಒಬ್ಬಳಿಗೆ ಕೆಲಸ ಕಲಿಸುತ್ತೀಯ ಅಂತ ಕೇಳಿದ್ದೇನೆ. ಗೋಲಿನಲ್ಲಿ ನಿಂತಾಗಲೂ ನೀನು ಹಾಗೇ ಇದ್ದೆ, ನಮ್ಮನ್ನೆಲ್ಲ ಕೂಗಿ ಕೂಗಿ ಸರಿ ಮಾಡುತ್ತಿದ್ದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಶರಾವತಿ ಫುಟ್‌ಬಾಲ್ ತಂಡವನ್ನು ಮುಚ್ಚುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾಗರದ ಮೈದಾನದಲ್ಲಿ ಕೊನೆಯ ಸಭೆ. ನಮಗೆ ಆಟ ಕಲಿಸಿದ ತೀರ್ಥೇಶ್ ಸರ್ ಬರುತ್ತಾರೆ, ಹಳೇ ಹುಡುಗಿಯರು ಬರುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಊರಿನ ಹುಡುಗಿಯರು ಸೇರಿ ಮೂರು ವರ್ಷ ಸತತವಾಗಿ ರಾಜ್ಯದ ಕಪ್ ತಂದ ತಂಡ. ಈಗ ಹನ್ನೊಂದು ಜನ ಸೇರುವುದೇ ಕಷ್ಟ. ಹೋದ ತಿಂಗಳು ಏಳು ಗೋಲಿನಿಂದ ಸೋತೆವು. ಅದೂ ಮೊದಲನೇ ಸುತ್ತಿನಲ್ಲಿ.

ಯಾಕೆ ಹೀಗಾಯಿತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಮೈದಾನದ ಅರ್ಧ ಕಟ್ಟಡಕ್ಕೆ ಹೋಯಿತು ಅಂತ ಒಬ್ಬರು, ಹುಡುಗಿಯರಿಗೆ ಮದುವೆಯಾಯಿತು ಅಂತ ಇನ್ನೊಬ್ಬರು. ಮೊಬೈಲ್ ಬಂತಲ್ಲ ಅಂತ ಎಲ್ಲರೂ. ಪಾಪ, ಮೊಬೈಲು ಊರಿನವರ ಮಾತೆಲ್ಲ ಆಡುತ್ತದೆ, ತನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ. ನಾನೂ ಆ ಪಟ್ಟಿಗೆ ತಲೆಯಾಡಿಸಿಕೊಂಡೇ ಬಂದೆ. ಕೋಚ್ ಅಂತ ನಾನೇ ಇದ್ದೇನಲ್ಲ, ಕಾರಣ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು.

ನಿಜವಾದ ಕಾರಣ ನಿನಗೆ ಗೊತ್ತು, ನನಗೆ ಗೊತ್ತು.

ತೀರ್ಥೇಶ್ ಸರ್ ಮಾಡಿದ ಆ ಪದ್ಧತಿಯನ್ನು ಬೇರೆ ಯಾವ ತಂಡದಲ್ಲೂ ನಾನು ಕಂಡಿಲ್ಲ. ಗೆಲ್ಲಲಿ, ಸೋಲಲಿ, ಆಟ ಮುಗಿದ ಮೇಲೆ ಗೋಲಿನ ಹಿಂದೆ ಸುತ್ತ ಕೂರಬೇಕು. ಒಬ್ಬೊಬ್ಬಳೂ ಅವತ್ತಿನ ತನ್ನ ತಪ್ಪು ಹೇಳಬೇಕು. ಹೇಳಿದ ಮೇಲೆಯೇ ಬೂಟು ಬಿಚ್ಚಬೇಕು. ಇನ್ನೊಬ್ಬಳ ತಪ್ಪಿನ ಬಗ್ಗೆ ತುಟಿ ಬಿಚ್ಚುವ ಹಾಗಿಲ್ಲ. ಮೊದಮೊದಲು ನಾವು ಎಷ್ಟು ನಗುತ್ತಿದ್ದೆವು! ಆದರೆ ಅದರಿಂದಲೇ ಮೂರು ಊರಿನವರು ಒಂದಾಗಿದ್ದು. ತನ್ನದನ್ನು ತಾನೇ ಒಪ್ಪಿಕೊಂಡವಳ ಮೇಲೆ ಸಿಟ್ಟು ಎಲ್ಲಿಂದ ಬರಬೇಕು? ಬಸ್ ಹತ್ತುವಾಗ ಯಾರ ಮನಸ್ಸಿನಲ್ಲೂ ಏನೂ ಉಳಿದಿರುತ್ತಿರಲಿಲ್ಲ.

ಈಗ ಹುಬ್ಬಳ್ಳಿಯ ಫೈನಲ್. ನಾಲ್ಕನೇ ಕಪ್ಪಿನ ಆಟ. ಹಿಂದಿನ ದಿನ ನನ್ನ ಎಡಗಾಲಿನ ಹರಡು ಹೊರಳಿ ಊದಿಕೊಂಡಿತ್ತು. ಬೆಳಿಗ್ಗೆ ಲಾಡ್ಜಿನ ಬಾತ್‌ರೂಮಿನಲ್ಲಿ ನೀನೇ ಬ್ಯಾಂಡೇಜ್ ಸುತ್ತಿದೆ. "ಬೇಡ ಮಾರಾಯ್ತಿ, ಸರ್‌ಗೆ ಹೇಳಾಣ. ಒಂದು ಮ್ಯಾಚ್ ಕೂತ್ರೆ ಎಂತ ಆಗ್ತದೆ?" ಅಂತ ನೀನು ಬೇಡಿಕೊಂಡೆ. ಅವತ್ತು ಕ್ರೀಡಾ ಕೋಟಾದ ಕೆಲಸಕ್ಕೆ ಹುಡುಗಿಯರನ್ನು ಆರಿಸುವವರು ಆಟ ನೋಡಲು ಬರುವವರಿದ್ದರು. ಕುಂಟುವ ಕ್ಯಾಪ್ಟನ್ ಅವರಿಗೆ ಯಾಕೆ ಬೇಕು? ನಿನ್ನ ಕೈ ಹಿಡಿದು, ಯಾರಿಗೂ ಹೇಳಬಾರದು ಅಂತ ನನ್ನಾಣೆ ಹಾಕಿಸಿದೆ. ಕೆಲಸದ ಆಸೆಗೆ ಹತ್ತು ಜನರ ಆಟ ಒತ್ತೆ ಇಟ್ಟೆ ಅಂತ ಆಗ ಅನ್ನಿಸಲಿಲ್ಲ. ಸುಳ್ಳು. ಅನ್ನಿಸಿತ್ತು.

ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಅವರ ಏಳನೇ ನಂಬರಿನ ಹುಡುಗಿ ನನ್ನ ಕಡೆಯಿಂದಲೇ ಚೆಂಡು ತಂದಳು. ತಿರುಗಬೇಕು ಅಂದುಕೊಂಡೆ, ಕಾಲು ತಿರುಗಲಿಲ್ಲ. ನಾನು ನಿಂತಲ್ಲೇ ನಿಂತಿದ್ದು ನಿನಗೆ ಕಾಣಿಸಿತು. ನನ್ನ ಜಾಗ ತುಂಬಲು ನೀನು ಗೋಲು ಬಿಟ್ಟು ಓಡಿ ಬಂದೆ. ಅವಳು ನಿನ್ನ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿದಳು. ನೋಡಿದವರಿಗೆಲ್ಲ ಕಂಡಿದ್ದು ಖಾಲಿ ಗೋಲು, ಮತ್ತು ಅದರ ಮುಂದೆ ಬಿದ್ದಿದ್ದ ನೀನು.

ಸುತ್ತ ಕೂತಾಗ ಕ್ಯಾಪ್ಟನ್ ಮೊದಲು ಹೇಳಬೇಕಿತ್ತು. ಮೊದಲರ್ಧದಲ್ಲಿ ಎರಡು ಪಾಸ್ ತಡ ಮಾಡಿದೆ ಅಂದೆ. ಬಲಗಾಲಿನ ಬೂಟು ಬಿಚ್ಚಿದೆ. ಎಡಗಾಲಿನದು ಬಿಚ್ಚಿದರೆ ಬ್ಯಾಂಡೇಜ್ ಕಾಣುತ್ತದೆ. ಲೇಸ್ ಗಂಟು ಬಿದ್ದಿದೆ ಅಂತ ಹೇಳಿ ಹಾಗೇ ಕೂತೆ. ಕೊನೆಗೆ ನಿನ್ನ ಸರದಿ. "ಗೋಲು ಬಿಟ್ಟು ಮುಂದೆ ಬಂದೆ ಸರ್. ನಂದೇ ತಪ್ಪು" ಅಂದೆ. ಯಾಕೆ ಬಂದೆ ಅಂತ ಹೇಳಲು ಪದ್ಧತಿ ಬಿಡಲಿಲ್ಲ, ನನ್ನ ಆಣೆಯೂ ಬಿಡಲಿಲ್ಲ. ನೀನು ನನ್ನ ಮುಖ ನೋಡಲಿಲ್ಲ. ಎದ್ದು ನನ್ನ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದೆ. ಅವತ್ತು ಒಂದು ಬೈಗುಳ ಬೈದಿದ್ದರೂ ನನಗೆ ಬದುಕು ಸುಲಭವಾಗುತ್ತಿತ್ತು.

ಕೆಲಸ ಸಿಕ್ಕಿತು. ಮುಂದಿನ ವರ್ಷ ತಂಡ ಆರಿಸುವಾಗ ಸರ್ ನನ್ನನ್ನು ಕೇಳಿದರು. "ವಿಭಾಗೆ ಧೈರ್ಯ ಕುಗ್ಗಿದೆ ಸರ್, ಒಂದು ವರ್ಷ ಬಿಟ್ಟು ನೋಡಾಣ" ಅಂತ ನಾನೇ ಹೇಳಿದೆ. ಇದು ನಿನಗೆ ಗೊತ್ತಿಲ್ಲ. ಸರ್ ಕೈಬಿಟ್ಟರು ಅಂತ ನೀನು ತಿಳಿದಿರಬಹುದು. ಕೈಬಿಟ್ಟವಳು ನಾನು. ನೀನು ಗೋಲಿನಲ್ಲಿ ನಿಂತರೆ ನನ್ನ ಬೆನ್ನು ಸುಡುತ್ತಿತ್ತು ವಿಭಾ, ಅಷ್ಟೇ. ಬೇರೆ ಕಾರಣ ಇರಲಿಲ್ಲ.

ಬಿಚ್ಚದ ಬೂಟನ್ನು ಉಳಿದವರು ನೋಡಿರಲಿಲ್ಲ ಅಂದುಕೊಂಡಿದ್ದೆ. ಎಲ್ಲರೂ ನೋಡಿದ್ದರು. ಮರುದಿನ ನಾನು ಕುಂಟಿದ್ದನ್ನೂ ನೋಡಿದ್ದರು. ಯಾರೂ ಕೇಳಲಿಲ್ಲ, ಕೇಳಬಾರದಲ್ಲ. ಆದರೆ ಕ್ಯಾಪ್ಟನ್ ಸಣ್ಣ ತಪ್ಪು ಹೇಳಿ ದೊಡ್ಡದನ್ನು ಬಚ್ಚಿಟ್ಟುಕೊಳ್ಳಬಹುದು ಅಂತ ಕಲಿತರು. ನೀರು ಕಡಿಮೆ ಕುಡಿದೆ ಸರ್, ಬಿಸಿಲು ಕಣ್ಣಿಗೆ ಹೊಡೆಯಿತು ಸರ್. ಹಾಜರಿ ಕೂಗಿದ ಹಾಗೆ ಆಯಿತು ಸುತ್ತು. ಜ್ವರ ಮುಚ್ಚಿಟ್ಟು ಒಬ್ಬಳು ಆಡಿದಳು, ಮಂಡಿನೋವು ಮುಚ್ಚಿಟ್ಟು ಇನ್ನೊಬ್ಬಳು. ಪಕ್ಕದವಳ ಜಾಗ ತುಂಬಲು ಹೋದರೆ ತನಗೇ ಕೆಟ್ಟ ಹೆಸರು ಅಂತ ಎಲ್ಲರಿಗೂ ಗೊತ್ತಾಗಿತ್ತು, ಯಾಕೆಂದರೆ ಹೋದವಳು ಈಗ ತಂಡದಲ್ಲಿ ಇರಲಿಲ್ಲ. ಚೆಂಡು ತನ್ನ ಹತ್ತಿರ ಬಾರದಿದ್ದರೆ ಸಾಕು ಅಂತ ಆಡಿದರು. ಹೊಸನಗರದವರು ಬೇರೆ ಕೂರತೊಡಗಿದರು, ಆಮೇಲೆ ನಿಮ್ಮೂರಿನವರು ಬರುವುದೇ ನಿಂತಿತು. ಸರ್ ನಿವೃತ್ತರಾದರು. ಕೋಚ್ ಆಗಿ ನಾನು ಹೊಸಬರನ್ನು ತಂದೆ, ಬೆಳಿಗ್ಗೆ ಐದಕ್ಕೆ ಓಡಿಸಿದೆ, ಗಂಟಲು ಹರಿಯುವಷ್ಟು ಕಿರುಚಿದೆ. ಆದರೆ ಆ ಸುತ್ತಿನಲ್ಲಿ ಕೂತಾಗ ನಾನು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ.

ಏಳು ಗೋಲು ತಿಂದ ದಿನ ಈಗಿನ ಕ್ಯಾಪ್ಟನ್ ಧೃತಿ ಬೂಟು ಬಿಚ್ಚಿ ಬದಿಗಿಟ್ಟು, "ಅಕ್ಕ, ಇದ್ಯಾಕೆ ಬೇಕು? ಇಲ್ಲಿ ಯಾರೂ ನಿಜ ಹೇಳಲ್ಲ, ನೀವೂ ಹೇಳಲ್ಲ" ಅಂದಳು. ಗದರಲು ಹೋದವಳು ಹಾಗೇ ಎದ್ದು ಬಂದೆ. ಮರುವಾರ ತಂಡ ಮುಚ್ಚೋಣ ಅಂತ ಅವರೇ ತೀರ್ಮಾನಿಸಿದರು. ನಾನು ತಡೆಯಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಮೊನ್ನೆ ಸಭೆಗೆ ಕರೆಯಲು ಸರ್ ಮನೆಗೆ ಹೋಗಿದ್ದೆ. ನಿನ್ನ ಮಾತು ಬಂತು. "ಒಳ್ಳೆ ಹುಡುಗಿ ಪಾಪ, ದೊಡ್ಡ ಮ್ಯಾಚಿಗೆ ಎದೆ ಸಾಲ್ಲಿಲ್ಲ" ಅಂದರು. ಕೈಯಲ್ಲಿ ಕಾಫಿ ಲೋಟ ಇತ್ತು. ನಾನು ಹೂಂ ಅಂದೆ.

ಆ ಹೂಂ ಅವತ್ತಿನಿಂದ ನನ್ನನ್ನು ಮಲಗಲು ಬಿಟ್ಟಿಲ್ಲ. ತಂಡ ಮುಚ್ಚಿದರೆ ನಿನ್ನ ಹೆಸರಿಗೆ ಅದೇ ಮಾತು ಅಂಟಿಕೊಂಡು ಉಳಿಯುತ್ತದೆ. ಅವರೆಲ್ಲ ಮತ್ತೆ ಒಟ್ಟಿಗೆ ಕೂರುವುದು ಇನ್ನಿಲ್ಲ. ಅದಕ್ಕೇ ಕರೆಯುತ್ತಿದ್ದೇನೆ, ಭಾನುವಾರ ಬಾ. ನಿನ್ನೆದುರಿಗೆ, ಸರ್ ಎದುರಿಗೆ ಎಲ್ಲವನ್ನೂ ಹೇಳುತ್ತೇನೆ. ಈಗ ಹೇಳಿದರೆ ಕೆಲಸ ಹೋಗುವುದಿಲ್ಲ, ಮರ್ಯಾದೆ ಹೋಗುತ್ತದೆ. ಹೋಗಲಿ. ನೀನು ಬಂದು ಸುಮ್ಮನೆ ಒಂದು ಕಡೆ ಕೂತರೆ ಸಾಕು, ನನ್ನ ಬಾಯಿ ತಾನಾಗಿ ತೆರೆಯುತ್ತದೆ.

ಕ್ಷಮಿಸು ಅಂತ ಕೇಳುವುದಿಲ್ಲ. ಬಾ ಅಂತ ಮಾತ್ರ ಕೇಳುತ್ತೇನೆ.

ನಿನ್ನ ಬ್ಯಾಂಡೇಜ್ ಮರೆಯದ,
ರಕ್ಷಾ

ಮರೆತ ಮಾತು: ಇವತ್ತಿನ ಟಪಾಲು ಆಗಲೇ ಹೋಗಿದೆ. ಇದು ನಾಳೆ ಹೊರಟು ಸೋಮವಾರವೋ ಮಂಗಳವಾರವೋ ನಿನ್ನ ಕೈಗೆ ಸಿಗುತ್ತದೆ, ಅಷ್ಟರಲ್ಲಿ ಸಭೆ ಮುಗಿದಿರುತ್ತದೆ. ಬರೆಯಲು ಕೂತಾಗಲೇ ಇದು ನನಗೆ ಗೊತ್ತಿತ್ತು. ನಿನ್ನ ಅಂಗಡಿಯ ನಂಬರ್ ನನ್ನ ಫೋನಿನಲ್ಲಿದೆ, ಒತ್ತಲಿಲ್ಲ. ನೀನು ಎದುರಿಗಿಲ್ಲದೆ ಭಾನುವಾರ ನಾನು ಬಾಯಿ ಬಿಡುವುದಿಲ್ಲ, ಅದೂ ಗೊತ್ತು.