ಹಾಲಿನ ಹನಿಯಲ್ಲಿ ಇರುವೆ

ಕಮಲಾಪುರ
9-9-2024

ಪ್ರೀತಿಯ ಯಜಮಾನರೇ,

ಕುರೆಕುಪ್ಪದಲ್ಲಿ ಹೇಗಿದ್ದೀರಿ? ಪಾಳಿ ಮುಗಿಸಿ ಬಂದು ಏನಾದರೂ ಬೇಯಿಸಿಕೊಳ್ಳುತ್ತೀರೋ, ಇಲ್ಲ ಕಾರ್ಖಾನೆ ಗೇಟಿನ ಮುಂದಿನ ಮಿರ್ಚಿಯಲ್ಲೇ ಹೊಟ್ಟೆ ತುಂಬಿಸುತ್ತೀರೋ? ಮಗಳು ಚೆನ್ನಾಗಿದ್ದಾಳೆ. ಹುಬ್ಬು ಗಂಟಿಕ್ಕಿಕೊಂಡು ಮಲಗಿದಾಗ ಥೇಟ್ ನೀವೇ. ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದೆಂದು ಅವ್ವ ಕಸಿದಿಟ್ಟಿದ್ದಾಳೆ. ನೀವು ಮಾಡಿದಾಗಲೂ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾಳೆ. ಅದಕ್ಕೇ ಈ ಕಾಗದ. ಬಾಳೆಗೊನೆಯ ಗಾಡಿಯಲ್ಲಿ ಆ ಕಡೆ ಬರುವ ಗುಡ್ಡಪ್ಪ ಮಾವನ ಕೈಗೆ ಕೊಡುತ್ತಿದ್ದೇನೆ.

ನನ್ನ ಫಿಟ್ಸ್ ಮಾತ್ರೆ ನಿಲ್ಲಿಸಿ ವಾರವಾಯಿತು. ಮಾತ್ರೆಯನ್ನೂ ಬಿಡಬೇಡ, ಹಾಲನ್ನೂ ಬಿಡಿಸಬೇಡ ಎಂದು ಹೊಸಪೇಟೆಯ ಡಾಕ್ಟರಮ್ಮ ನಿಮ್ಮೆದುರೇ ಹೇಳಿದ್ದರು. ಆದರೆ ಮಗು ನೋಡಲು ಬಂದವರಲ್ಲಿ ಒಬ್ಬಳು ಕೂಸು ಮಂಕಾಗುತ್ತದೆ ಎಂದಳು, ಇನ್ನೊಬ್ಬಳು ಮಾತೇ ಬರುವುದಿಲ್ಲ ಎಂದಳು. ಕೊನೆಗೆ ಪಕ್ಕದ ಮನೆಯ ಯಲ್ಲಕ್ಕ ನನ್ನ ಹಾಲನ್ನು ಒಂದು ಹನಿ ತಟ್ಟೆಗೆ ಹಿಂಡಿಸಿ, ಅದರಲ್ಲಿ ಇರುವೆ ಬಿಟ್ಟಳು. ಕೆಟ್ಟ ಹಾಲಾದರೆ ಇರುವೆ ಸಾಯುತ್ತದಂತೆ. ಸತ್ತೇಹೋಯಿತು. “ನೋಡವಾ, ಮಾತ್ರಿ ವಿಷ ಹಾಲಿಗೆ ಇಳದೈತಿ” ಎಂದಳು. ಅವ್ವ ಅತ್ತುಬಿಟ್ಟಳು. “ಫಿಟ್ಸ್ ಬಂದು ಭಾಳ ವರ್ಷ ಆತು. ಕೂಸು ಹಾಲು ಬಿಡೋತನ ಮಾತ್ರಿ ಬ್ಯಾಡ ಮಗಳ” ಎಂದು ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಿಮ್ಮ ಮೇಲೆ. ಫೋನಿನಲ್ಲಿ ಕೇಳಿದರೆ “ಅತ್ತಿ ಹೇಳಿದಂಗ ಕೇಳು” ಎಂದುಬಿಟ್ಟಿರಿ. ನಿಜ ಹೇಳಲಾ, ಅವತ್ತು ನನಗೂ ಅದೇ ಬೇಕಿತ್ತು. ಆ ಇರುವೆಯನ್ನು ನೋಡಿದ ಮೇಲೆ ಎದೆಗೆ ಮಗುವನ್ನು ಹಾಕಿಕೊಳ್ಳಲೇ ಹೆದರುತ್ತಿದ್ದೆ. ಈಗ ಬೇರೆಯದೇ ಹೆದರಿಕೆ ಶುರುವಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಮಗಳ ಕಡೆಯಿಂದ ಒಂದು ಮುತ್ತು.

ನಿಮ್ಮ
ಭುವನೇಶ್ವರಿ

ತಾ.ಕ.: ಮಾವ ಹಾರ್ನ್ ಹೊಡೆಯುತ್ತಿದ್ದಾನೆ. ಬೆಳಿಗ್ಗೆ ನನ್ನ ಬಲಗೈ ತಾನಾಗಿಯೇ ಜಗ್ಗಿ ಲೋಟ ಬಿತ್ತು. ಮಗಳು ಎಡಗೈಯಲ್ಲಿದ್ದಳು. ಹಿಂದೆ ಫಿಟ್ಸ್ ಬರುವಾಗಲೂ ಹೀಗೇ ಶುರುವಾಗುತ್ತಿತ್ತು. ಆಮೇಲೆ ಯಾರಿಗೂ ಕಾಣದಂತೆ ಬರೀ ನೀರಿನ ಹನಿಯಲ್ಲಿ ಇರುವೆ ಬಿಟ್ಟು ನೋಡಿದೆ. ಅದೂ ಸತ್ತಿತು. ಅವ್ವನಿಗೆ ಹೇಳಿದರೆ ನಂಬಲಿಲ್ಲ. ಬೀರುವಿನ ಕೀಲಿ ಅವಳ ಸೊಂಟದಲ್ಲಿದೆ, ಅಳಿಯ ಹೇಳಿದರೆ ಮಾತ್ರ ಕೊಡುತ್ತಾಳೆ. ಇದನ್ನು ಓದಿದ ತಕ್ಷಣ ಫೋನ್ ಮಾಡಿ, ಸ್ಪೀಕರಿನಲ್ಲೇ ಹೇಳಿ. ಅಲ್ಲಿಯವರೆಗೆ ಮಗಳನ್ನು ಎತ್ತಿಕೊಳ್ಳುವುದಿಲ್ಲ. ನೆಲದ ಮೇಲೆ ಮಲಗಿಸಿಕೊಂಡೇ ಹಾಲು ಕುಡಿಸುತ್ತಿದ್ದೇನೆ.